ಕಡೇ ಹೊಲದವಳ ಕೀಲಿಕೈ

ವಿಯೆನ್ನಾ, ಜೂನ್ ೧೨

ಅಣ್ಣನಿಗೆ ಶರಣು.

ಚಂದ್ರನ ಮೇಲಿನ ನೀರನ್ನು ದೇಶಗಳು ಹೇಗೆ ಹಂಚಿಕೊಳ್ಳಬೇಕೆಂಬ ಸಭೆಗೆ ನಮ್ಮ ಕಾಲುವೆ ಸಂಘದಿಂದ ನನ್ನನ್ನು ಕರೆಸಿದ್ದರಲ್ಲ, ಇವತ್ತು ಮಾತಾಡಿದೆ. ಗೋಡೆ ತುಂಬ ಚಂದ್ರನ ನಕ್ಷೆ, ಮಂಜುಗಡ್ಡೆಯಿರುವ ಕುಳಿಗಳಿಗೆಲ್ಲ ನೀಲಿ ಬಣ್ಣ. ಗಣಿ ಕಂಪನಿಯವನೊಬ್ಬ ಎದ್ದು, ಮೊದಲು ಹೋಗಿ ಅಗೆದವರಿಗೇ ಅದು ಸೇರಬೇಕು ಎಂದ. ಕಾಲುವೆ ದಂಡೆಯಲ್ಲಿ ಮೇಲಿನ ಹೊಲದ ನೀನು ಆಡುವ ಮಾತೇ ಅದು. ನನಗೆ ತಡೆಯಲಾಗಲಿಲ್ಲ. ಸೆರಗಿನ ಗಂಟು ಬಿಚ್ಚಿ ನಮ್ಮ ಕಾಲುವೆ ತೂಬುಗಳ ಕೀಲಿಕೈ ಮೇಜಿನ ಮೇಲಿಟ್ಟೆ.

"ನಮ್ಮೂರು ಕುರ್ಡ್ಯಾಗ ಮ್ಯಾಲಿನ ಹೊಲಗಳ ತೂಬಿಗೆಲ್ಲ ಬೀಗ ಇರ್ತದ್ರಿ. ಅದರ ಕೀಲಿಕೈ ಕಟ್ಟಕಡೀ ಹೊಲದಾಕಿ ಕೈಯಾಗ. ಆಕಿ ಹೊಲಕ್ಕ ನೀರು ಮುಟ್ಟಿದ ಮ್ಯಾಲೇ ಉಳದವರ ತೂಬು ತೆರೀತಾವ. ಚಂದ್ರನ ಕೀಲಿಕೈ ರಾಕೆಟ್ ಇಲ್ಲದ ದೇಶದವರ ಕೈಯಾಗ ಕೊಡ್ರಿ."

ಅವನು ನಗುತ್ತ, ನೋಡಿ ಕೊಡುತ್ತೇನೆಂದು ಕೈ ಚಾಚಿದ. ನಾನು ಕೊಡಲಿಲ್ಲ.

ಮೊಣಕಾಲು ನೋವು ಕಡಿಮೆಯಾಗಿದೆ. ರೊಟ್ಟಿ ನಾಳೆಗೆ ಮುಗಿಯುತ್ತವೆ, ಶೇಂಗಾ ಹಿಂಡಿ ಇನ್ನೂ ಇದೆ. ಕಾಲುವೆಗೆ ನೀರು ಬಿಡುವ ಮೊದಲೇ ಊರಲ್ಲಿರುತ್ತೇನೆ. ನೀರು ಬೇಗ ಬಂದರೂ ನಿನ್ನ ತೂಬಿನ ಬೀಗಕ್ಕೆ ಕಲ್ಲೆತ್ತಬೇಡ. ಕೀಲಿಕೈ ಮತ್ತೆ ನನ್ನ ಸೆರಗಿನಲ್ಲಿದೆ.

ನಿನ್ನ ತಂಗಿ,
ಕಡೇ ಹೊಲದ ಶಿವಗಂಗಾ