ನೀಲಗಂಗಾಳ ಮನೆಯ ಜೊತೆಸರದಿ

ರಾಯಚೂರು, ಎಂಟನೆಯ ತಂಪುಓಣಿ
ಫೆಬ್ರವರಿ ಮೂವತ್ತು, ೨೨೮೬

ನನಗಿಂತ ಎಷ್ಟೋ ತಲೆಮಾರು ಹಿಂದಿರುವ ಹಿರಿಯರಿಗೆ ಗುರುಬಸಮ್ಮಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ಕೆಲವು ಮಾತು ವಿಚಿತ್ರ ಅನಿಸಿದರೆ ಕ್ಷಮಿಸಿ. ಬಿಸಿಲು ತಾಳಲಾರದೆ ನಾವು ಇಡೀ ಓಣಿಗೇ ಚಾವಣಿ ಹಾಕಿ ತಂಪು ಮಾಡಿಕೊಂಡಿದ್ದೇವೆ, ಅದೇ ತಂಪುಓಣಿ. ಮಕ್ಕಳ ಕೈಯಲ್ಲಿ ನಾಡಿಬಳೆ ಇರುತ್ತದೆ. ಮೈ ಕೆಟ್ಟರೆ ಅದು ಕೆಂಪಾಗುತ್ತದೆ. ಬಳೆ ಕೆಂಪಾದ ಮನೆಗೆ ಓಣಿಯವರು ಸರದಿಯ ಮೇಲೆ ರೊಟ್ಟಿ, ಪಲ್ಯ ಹಿಡಿದು ಹೋಗಿ ತಾಯಿಯ ಜೊತೆ ಕೂರಬೇಕು. ಇದಕ್ಕೆ ಜೊತೆಸರದಿ ಅನ್ನುತ್ತೇವೆ. ಎಂಥ ಒಳ್ಳೆಯ ಪದ್ಧತಿ ಎಂದು ನಾವೇ ಬೆನ್ನು ತಟ್ಟಿಕೊಂಡೆವು. ಮಗು ಗಟ್ಟಿಮುಟ್ಟಾಗಿರುವ ಮನೆಯತ್ತ ಮಾತ್ರ ಯಾರೂ ಸುಳಿಯುವುದಿಲ್ಲ.

ನನ್ನ ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ ನೀಲಗಂಗಾಳಿಗೆ ಈ ಸರದಿಯ ರುಚಿ ಹತ್ತಿತು. ಆರು ವರ್ಷದ ಮಗಳು ಪಾರಿಜಾತಳ ಬಳೆ ಸೋಮವಾರ ಕೆಂಪು, ಹಬ್ಬಕ್ಕೆ ಕೆಂಪು, ಬಂದವರು ಎದ್ದು ಹೊರಟರೆ ಇನ್ನಷ್ಟು ಕೆಂಪು. ವೈದ್ಯರು ಬಳೆ ಬದಲಿಸಿದರು, ಔಷಧ ಬದಲಿಸಿದರು, ಹೊಟ್ಟೆ ಕೊಯ್ದೂ ನೋಡಿದರು. ತಾಯಿಯ ಮುಖ ಮಾತ್ರ ಯಾರೂ ನೋಡಲಿಲ್ಲ! ಮಗು ನನ್ನ ಮನೆಯಲ್ಲಿದ್ದಾಗ ಬಳೆ ಕೆಂಪಾಗುವುದೇ ಇಲ್ಲ, ಯಾಕೆಂದು ಕೇಳಿ ಅಂತ ನಾನು ಬಡಕೊಂಡೆ. ಓಣಿಯವರು ನನಗೇ ತಿರುಗಿಬಿದ್ದರು. “ಗಂಡನ ಕಳಕೊಂಡಾಕಿ ಮ್ಯಾಲೆ ಹೊಟ್ಟಿಕಿಚ್ಚು ಪಡ್ತಿಯಲ್ಲಬೇ!” ಅಂದರು. ಬಳೆ ಸುಳ್ಳು ಹೇಳುವುದಿಲ್ಲವಂತೆ. ಹೌದು, ಅದು ನಿಜವನ್ನೇ ಹೇಳುತ್ತಿತ್ತು. ಮಗುವಿಗೆ ನಿಜವಾಗಿಯೂ ಕಾಯಿಲೆ ಬರುವ ಹಾಗೆ ನೀಲಗಂಗಾಳೇ ಹಾಲಿನಲ್ಲಿ ಏನೋ ಬೆರೆಸುತ್ತಿದ್ದಳು. ಕೊನೆಗೆ ಆಸ್ಪತ್ರೆಯವರೇ ಕಣ್ಣಾರೆ ಕಂಡು ಮಗುವನ್ನು ನನ್ನ ಕೈಗೆ ಕೊಟ್ಟರು. ಆಗ ಅದಕ್ಕೆ ನಿಲ್ಲಲೂ ತ್ರಾಣವಿರಲಿಲ್ಲ.

ಈಗ ಓಣಿಯ ಸಭೆಯವರು ಬಳೆಯನ್ನು ಇನ್ನೂ ಜಾಣ ಮಾಡಿಸುತ್ತಾರಂತೆ. ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ನಿಮ್ಮಲ್ಲಿ ಬಳೆ ಇಲ್ಲ, ಕಣ್ಣಾದರೂ ಇದೆ. ಕಾಯಿಲೆ ಮಗುವಿನ ತಾಯಿಯನ್ನು ಹೊಗಳುವ ಮೊದಲು ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಮಾತು ಕೇಳಿ. ಏನೂ ಆಗದ ಮನೆಗೂ ಸುಮ್ಮನೆ ಹೋಗಿ ಬನ್ನಿ. ಇಷ್ಟೇ ನನ್ನ ಬೇಡಿಕೆ.

ಪಾರಿಜಾತ ಈಗ ಹೊಟ್ಟೆ ತುಂಬ ಉಣ್ಣುತ್ತಾಳೆ, ಓಣಿ ತುಂಬ ಓಡುತ್ತಾಳೆ. ನಿನ್ನೆ ನಮ್ಮ ಮನೆಗೆ ನೆಂಟರು ಬಂದರು. ಅವಳು ಆಟ ಬಿಟ್ಟು ಓಡಿಬಂದು, ಹಾಸಿಗೆ ಹಾಸಿಕೊಂಡು ಮಲಗಿ, ನನ್ನ ಸೆರಗು ಜಗ್ಗಿ ಕೇಳಿದಳು: “ಅತ್ತಿ, ಇವರ ಮುಂದ ನಂಗ ಏನಾಗ್ಯಾದಂತ ಹೇಳಲಿ?”