ಎತ್ತರಕ್ಕೆ ಎರಡು ಪದ

ಸ್ಪ್ಯಾನಿಷ್ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಸಂಜೆ ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂರುತ್ತಿದ್ದ ಪೇಂಟರನ್ನೂ ಅವರ ಹೆಂಡತಿಯಾದ ನನ್ನನ್ನೂ ನೀವು ಮರೆತಿರಲಾರಿರಿ. ನಮ್ಮನೆಯವರ ಎತ್ತರ ನೋಡಿ ‘ಏಣಿ’ ಎಂದೇ ಕರೆಯುತ್ತಿದ್ದಿರಿ. ಕಟ್ಟಡದ ಎತ್ತರಕ್ಕೆ ‘ಅಲ್ತೂರಾ’, ಮನುಷ್ಯರದ್ದಕ್ಕೆ ‘ಎಸ್ತಾತೂರಾ’ ಅಂದರೆ ಚೆಂದ ಎಂದು ನೀವು ಕಲಿಸಿದ ದಿನ ಅವರು, “ಹತ್ತೋನೂ ನಾನೇ, ಇಳಿಯೋನೂ ನಾನೇ. ನಂಗೆ ಒಂದೇ ಎತ್ತರ ಸಾಕು ಮೇಷ್ಟ್ರೇ” ಎಂದು ಇಡೀ ಕ್ಲಾಸನ್ನು ನಗಿಸಿದ್ದರು.

ಮೊನ್ನೆ ಅವರು ಕೆಲಸಕ್ಕೆ ಹೋದ ದೇಶದಿಂದ ಫೋನ್ ಬಂತು. ಆಫೀಸಿನ ಹೆಂಗಸು ಇವರ ಹೆಸರು ಹೇಳಿ ಏನೇನೋ ಮಾತಾಡಿದಳು. ನನಗೆ ತಿಳಿದದ್ದು ‘ಅಲ್ತೂರಾ’ ಒಂದೇ. ಪಾಠ ಮರೆತಿಲ್ಲ ಎಂಬ ಜಂಬ ನೋಡಿ, ಮನುಷ್ಯರಿಗೆ ‘ಎಸ್ತಾತೂರಾ’ ಅನ್ನಬೇಕು ಎಂದು ಅವಳನ್ನೇ ತಿದ್ದಿದೆ. ಆಮೇಲೆ ಇವರ ಜೊತೆ ಕೆಲಸದವರೊಬ್ಬರು ಫೋನ್ ತೆಗೆದುಕೊಂಡು ನಮ್ಮ ಮಾತಿನಲ್ಲೇ ಹೇಳಿದರು: “ಅಕ್ಕಾ, ಅವ್ರು ಅಣ್ಣನ ಎತ್ತರ ಹೇಳ್ತಿಲ್ಲ. ಅಣ್ಣ ಬಿದ್ದ ಎತ್ತರ ಹೇಳ್ತಿದಾರೆ.”

ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರಂತೆ. ಇಲ್ಲಿ ಮಂಚದಿಂದಲೇ ಇವರ ಕಾಲು ಆಚೆ ಬರುತ್ತಿತ್ತು, ನಾನು ಕಾಲಡಿಗೆ ಸ್ಟೂಲು ಇಡುತ್ತಿದ್ದೆ. ಅಲ್ಲಿ ಯಾರಾದರೂ ಮಡಚಿಯಾರು ಎಂದು ಹೆದರಿಕೆ. ಅಳತೆ ಬರೆದು ಕಳಿಸಬೇಕು, ಒಂದು ಪದ ಹೇಳಿಕೊಡಿ. ನಮ್ಮಲ್ಲಿ ನಿಂತವರಿಗೆ ಎತ್ತರ, ಮಲಗಿದವರಿಗೆ ಉದ್ದ. ಆ ಉದ್ದಕ್ಕೆ ಅಲ್ಲಿ ಏನನ್ನುತ್ತಾರೆ? ಅದನ್ನು ನೀವು ಕಲಿಸುವ ಮೊದಲೇ ಇವರು ಹೊರಟುಬಿಟ್ಟರು.

ಇಂತಿ,
ಏಣಿಯ ಹೆಂಡತಿ