ಬಂದೂಕಿಲ್ಲದ ಆಟ

ಇವಳೇ,

ನೀನು ಹೋದಮೇಲೂ ನಮ್ಮ ವಿಡಿಯೋ ಗೇಮ್ ಅಂಗಡಿ ನಡೆಯುತ್ತಿದೆ. ಒಂದನ್ನೂ ಆಡದೆ ಎಲ್ಲವನ್ನೂ ಮಾರಿದವನು ನಾನು: ಅವಸರದವರಿಗೆ ರೇಸಿಂಗ್, ಸಿಟ್ಟಿನವರಿಗೆ ಶೂಟಿಂಗ್, ನನ್ನಂಥ ಲೆಕ್ಕಾಚಾರದವರಿಗೆ ಊರು ಕಟ್ಟುವ ಆಟ.

ನಿನಗೆ ಬಂದ ಕಾಯಿಲೆಯೇ ನನಗೂ ಬಂದಿದೆ. ನಾಳೆ ಆಪರೇಷನ್. ಭಯ ಮರೆಯಲೆಂದು ಇವತ್ತು ಸಂಜೆ ಮಗಳ ಜೊತೆ ಆಡಲು ಕೂತೆ. ಡಬ್ಬಿಯ ಮೇಲೆ ರಾಕ್ಷಸನಿದ್ದ. ಶೂಟಿಂಗ್ ಆಟವಿರಬೇಕು ಅಂದುಕೊಂಡು, ಹೆದರಿಸುವ ಹಾರರ್ ಆಟ ತೆಗೆದುಬಿಟ್ಟಿದ್ದೆ.

“ಬಂದೂಕೆಲ್ಲಿದೆ ಪುಟ್ಟಿ?”

“ಇದ್ರಲ್ಲಿ ಬಂದೂಕೇ ಇಲ್ಲಪ್ಪ. ಹೊಡೆಯೋಕಾಗಲ್ಲ. ಬೀರುವಿನಲ್ಲಿ ಬಚ್ಚಿಟ್ಕೊಂಡು, ಅದು ದಾಟಿ ಹೋಗೋ ತನಕ ಕಾಯ್ಬೇಕು, ಅಷ್ಟೆ.”

“ಚೌಕಾಸಿ ಮಾಡಿದ್ರೆ?”

“ಅದೇನು ನಿಮ್ಮ ಗಿರಾಕಿನಾ?”

ಬೀರುವಿನ ಸಂದಿಯಿಂದ ರಾಕ್ಷಸನ ಕಾಲು ಕಂಡಾಗ “ಸಾಕು, ನಿಲ್ಲಿಸು” ಎಂದೆ. ಮಗಳು ಆಟ ನಿಲ್ಲಿಸಲಿಲ್ಲ. ನನ್ನ ಕೈ ಮೇಲೆ ತನ್ನ ಕೈಯಿಟ್ಟು, “ನಾನಿದೀನಲ್ಲ, ಸುಮ್ನೆ ಕೂತ್ಕೊಳ್ಳಿ” ಎಂದಳು.

ಆಸ್ಪತ್ರೆಯಲ್ಲಿ ನಾನು ದಿನಾ ನಿನಗೆ “ಹೋರಾಡು, ಗೆದ್ದೇ ಗೆಲ್ತೀಯ” ಎಂದು ಹೇಳಿ, ಅಂಗಡಿ ಬಾಗಿಲು ತೆಗೆಯಲು ಓಡುತ್ತಿದ್ದೆ.

ಆ ಬೀರುವಿನೊಳಗೆ ನೀನೊಬ್ಬಳೇ ಎಷ್ಟು ಹೊತ್ತು ಕೂತಿದ್ದೆ?